ಬೈಲು ಗದ್ದೆಗೆ ಅಡಿಕೆಯೋ, ನಾಟಿ ಯಂತ್ರವೋ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮದು ಒಂದೂವರೆ ಎಕರೆ ಬೈಲು ಗದ್ದೆ. ಕೂಲಿ ಕೊಟ್ಟ ಮೇಲೆ ಭತ್ತದಲ್ಲಿ ಏನೂ ಉಳಿಯುವುದಿಲ್ಲ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ಮಣ್ಣು ತುಂಬಿಸಿ ಅಡಿಕೆ ಹಾಕುವ, ಇಲ್ಲದಿದ್ದರೆ ಸಾಲ ಮಾಡಿ ನಾಟಿ ಯಂತ್ರ ತೆಗೆದುಕೊಳ್ಳುವ ಅನ್ನುತ್ತಾನೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಮಗನಿಗೆ ಬೇಜಾರಾದರೂ ಪರವಾಗಿಲ್ಲ, ಈ ಪುಟ ತೋರಿಸಿ.

ಅಡಿಕೆಗೆ ನೀರು ಬೇಕು. ಆದರೆ ಬುಡದಲ್ಲಿ ನಿಂತ ನೀರು ಆಗುವುದಿಲ್ಲ. ಬೈಲು ಅಂದರೆ ನೀರು ನಿಲ್ಲುವ ಜಾಗ ಅಲ್ವಾ? ಮಣ್ಣು ತುಂಬಿಸಿದರೆ ಮಳೆಗಾಲದಲ್ಲಿ ಆ ನೀರು ಪಕ್ಕದವರ ಗದ್ದೆಗೆ ನುಗ್ಗುತ್ತದೆ. ಆಮೇಲೆ ಜಗಳ ಪಂಚಾಯತ್‌ವರೆಗೆ. ಗಿಡ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಮನೆಖರ್ಚು ಎಲ್ಲಿಂದ? ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟ ತೋಟವೇ ಹೋಗಿದೆ. ಅದಕ್ಕೆ ಔಷಧ ಇಲ್ಲ. ಈಗ ಎಲೆಚುಕ್ಕೆ ರೋಗ ಬೇರೆ. ಅಡಿಕೆ ಬೇಡ ಅಂತ ಹೇಳುತ್ತಿಲ್ಲ. ಮೇಲೆ ಬೆಟ್ಟು ಜಾಗ (ನೀರು ನಿಲ್ಲದ ಎತ್ತರದ ಜಾಗ) ಇದ್ದು ಬಾವಿಯಲ್ಲಿ ನೀರಿದ್ದರೆ ಅಲ್ಲಿ ಹಾಕಿ, ಮರಕ್ಕೆ ಕಾಳುಮೆಣಸು ಹಬ್ಬಿಸಿ. ಹವಾಮಾನ ಆಧಾರಿತ ಬೆಳೆ ವಿಮೆ ತಪ್ಪಿಸಬೇಡಿ. ವಿಮಾ ಮೊತ್ತದ ನೂರಕ್ಕೆ 5 ರೂಪಾಯಿ ರೈತರ ಕಂತು. ಒಂದು ಮಾತು ನೆನಪಿರಲಿ, ಅಲ್ಲಿ ಲೆಕ್ಕ ಹಾಕುವುದು ಮಳೆಮಾಪನದ ಅಂಕಿಯನ್ನು, ನಿಮ್ಮ ತೋಟದಲ್ಲಿ ಉದುರಿದ ಅಡಿಕೆಯನ್ನಲ್ಲ.

ಇನ್ನು ಯಂತ್ರ. ನಮ್ಮಲ್ಲಿ ಏಣಿಲು, ಅಂದರೆ ಮಳೆಗಾಲದ ಭತ್ತದ ನಾಟಿ ಜೂನ್ ನಡುವಿನಿಂದ ಜುಲೈವರೆಗೆ ಕೆಲವು ವಾರದ ಕೆಲಸ. ಆಮೇಲೆ ಯಂತ್ರ ಶೆಡ್ಡಿನಲ್ಲಿ ಮಲಗುತ್ತದೆ, ಬ್ಯಾಂಕಿನ ಕಂತು ಮಲಗುವುದಿಲ್ಲ. ಯಂತ್ರ ಬಾಡಿಗೆಗೆ ಕೊಡುವ ಸರ್ಕಾರಿ ಯೋಜನೆಯ ಕೇಂದ್ರ ಕೃಷಿ ಯಂತ್ರಧಾರೆಯಿಂದ ತನ್ನಿ. ಒಂದೇ ಮನೆಯವರು ಕರೆದರೆ ಬರಲು ಸತಾಯಿಸುತ್ತಾರೆ. ಬೈಲಿನ ಐದಾರು ಮನೆಯವರು ಸೇರಿ ಒಂದೇ ಸಲ ಕರೆಯಿರಿ, ಒಂದೇ ತಳಿ ಹಾಕಿ. ಎಂಒ4 ಆಗಬಹುದು. ಬ್ರಹ್ಮಾವರ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಕೆಂಪುಮುಕ್ತಿಯೂ ಆಗಬಹುದು. ತಳಿ ಒಂದೇ ಆದರೆ ಕಟಾವು ಯಂತ್ರವೂ ಒಂದೇ ಸಲ ಬಂದು ಹೋಗುತ್ತದೆ.

ಮಗನಿಗೆ ಕೆಲಸ ಬೇಕಲ್ಲ? ಚಾಪೆ ನೇಜಿ ಮಾಡಲಿ, ಅಂದರೆ ಯಂತ್ರದಲ್ಲಿ ನೆಡಲು ಚಾಪೆಯ ಹಾಗೆ ಬೆಳೆಸುವ ಭತ್ತದ ಸಸಿ. ಯಂತ್ರ ಬಾಡಿಗೆಗೆ ಸಿಗುತ್ತದೆ, ಒಳ್ಳೆಯ ನೇಜಿ ಸಿಗುವುದಿಲ್ಲ. ಇಡೀ ಬೈಲಿಗೆ ನೇಜಿ ಮಾಡಿ ಮಾರುವವನಿಗೆ ಬಂಡವಾಳ ಕಡಿಮೆ, ಗಿರಾಕಿ ಮನೆಬಾಗಿಲಲ್ಲಿ.

ಪ್ರಶ್ನೆ: ಕಳೆದ ವರ್ಷ ಚಾಪೆ ನೇಜಿ ಮಾಡಿದೆವು. ಎತ್ತುವಾಗ ತುಂಡಾಯಿತು. ನೆಟ್ಟದ್ದರಲ್ಲಿ ಅರ್ಧ ತೇಲಿತು.

ಉತ್ತರ: ಮಣ್ಣು ಜರಡಿ ಹಿಡಿದಿರಾ? ಒಂದು ಕಲ್ಲು ಸಾಕು, ಯಂತ್ರದ ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಣ್ಣು ಒಂದಿಂಚಿನ ಒಳಗೇ ಇರಲಿ. ಜಾಸ್ತಿಯಾದರೆ ಬೇರು ಹೆಣೆದುಕೊಳ್ಳುವುದಿಲ್ಲ. ಬೀಜ ಅಲ್ಲಲ್ಲಿ ತೆಳುವಾದರೂ ಚಾಪೆ ಹರಿಯುತ್ತದೆ, ನಾಟಿಯಲ್ಲೂ ಖಾಲಿ ಬೀಳುತ್ತದೆ. ಹದಿನೈದು ದಿನ ದಾಟಿದ ಮೇಲೆ ಒಂದು ಮೂಲೆ ಹಿಡಿದು ಎತ್ತಿ ನೋಡಿ. ಚಾಪೆ ಜೋತುಬೀಳಬೇಕು, ಹರಿಯಬಾರದು.

ತೇಲಿದ್ದು ನೇಜಿಯ ತಪ್ಪಲ್ಲ, ಗದ್ದೆಯದ್ದು. ಹದ ಮಾಡಿದ ದಿನವೇ ಯಂತ್ರ ಇಳಿಸಿದ್ದೀರಿ ಅಂತ ನನ್ನ ಅನುಮಾನ. ಕೆಸರು ಕೂತುಕೊಳ್ಳಲು ಬಿಡಬೇಕು. ಮರಳು ಜಾಸ್ತಿ ಇರುವ ಗದ್ದೆಗೆ ಒಂದು ದಿನ ಸಾಕು, ಜೇಡಿಗೆ ಎರಡು ಮೂರು ಬೇಕು. ಬೆರಳಿನಿಂದ ಕೆಸರಲ್ಲಿ ಗೆರೆ ಎಳೆಯಿರಿ. ಕೂಡಲೇ ಮುಚ್ಚಿದರೆ ಕಾಯಿರಿ. ಹಾಗೇ ನಿಂತರೆ ತಡವಾಗಿದೆ. ಮೆಲ್ಲ ಮುಚ್ಚಿಕೊಂಡರೆ ಯಂತ್ರ ಇಳಿಸಿ. ನೀರು ತೆಳುವಾಗಿರಲಿ. ಹುಣಿ (ಗದ್ದೆಯ ಬದು) ಒಡೆದಿದ್ದರೆ ಮೊದಲು ಅದನ್ನು ಕಟ್ಟಿ.

ಪ್ರಶ್ನೆ: ಪಕ್ಕದ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಧಣಿ ಮುಂಬೈಯಲ್ಲಿ. ಬೇಸಾಯ ಮಾಡಲು ಕೇಳಿದರೆ "ನಾಳೆ ಡಿಕ್ಲರೇಷನ್ ಕೊಟ್ಟರೆ?" ಅಂತ, ಅಂದರೆ ಉತ್ತವರು ಗದ್ದೆ ತಮ್ಮದೆಂದು ಅರ್ಜಿ ಹಾಕಿದರೆ ಅಂತ ಹೆದರುತ್ತಾರೆ.

ಉತ್ತರ: ಆ ಹೆದರಿಕೆ ಹಳೆಯದು. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹಕ್ಕು ಸಿಕ್ಕಿದ್ದು 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿಗೆ. ಇವತ್ತು ಉತ್ತವರು ಆ ದಾರಿಯಲ್ಲಿ ಹೋಗಲು ಆಗುವುದಿಲ್ಲ ಅಂತ ಅವರಿಗೆ ಸಮಾಧಾನವಾಗಿ ಹೇಳಿ. ಆದರೆ ಅದೇ ಕಾನೂನು ಹೊಸದಾಗಿ ಗೇಣಿಗೆ ಕೊಡುವುದನ್ನೂ ಒಪ್ಪುವುದಿಲ್ಲ. ಹಾಗಾಗಿ ಸುಮ್ನೆ ಗೇಣಿ ಚೀಟಿ ಬರೆದುಕೊಳ್ಳಬೇಡಿ, ವಕೀಲರನ್ನು ಕೇಳಿ. ನಷ್ಟ ನಿಮಗಿರುವುದು ಇನ್ನೊಂದು ಕಡೆ. ಪಹಣಿ ಧಣಿಯ ಹೆಸರಲ್ಲಿ ಇರುವುದರಿಂದ ನೆರೆ ಬಂದರೆ ಪರಿಹಾರ ಅವರ ಖಾತೆಗೆ ಹೋಗುತ್ತದೆ, ಬೆವರು ನಿಮ್ಮದು. ಈ ಮಾತನ್ನು ನೇಜಿ ಹಾಕುವ ಮೊದಲೇ ಫೋನಿನಲ್ಲಿ ಬಿಡಿಸಿ ಮಾತಾಡಿ. ಅವರಿಗೆ ವರ್ಷಕ್ಕೆ ಊಟದ ಕುಚ್ಚಲಕ್ಕಿ ಕಳಿಸಿಕೊಡುತ್ತೇನೆ ಅನ್ನಿ. ಮುಂಬೈಯಲ್ಲಿರುವ ನಮ್ಮೂರಿನವರು ಇದಕ್ಕೆ ಬೇಗ ಒಪ್ಪುತ್ತಾರೆ.