ಕನಿಷ್ಠ ವೇತನ ಏರಿಸಿದರೆ ಅಭಿವೃದ್ಧಿಶೀಲ ದೇಶಗಳಲ್ಲಿ ಉದ್ಯೋಗ ಕುಸಿಯುತ್ತದೆಯೇ?

ಕುಸಿಯಲೇಬೇಕೆಂದಿಲ್ಲ. ಬ್ರೆಜಿಲ್ ನೋಡಿ. 2003ರಲ್ಲಿ ತಿಂಗಳಿಗೆ 240 ರಿಯಲ್ (ಬ್ರೆಜಿಲ್‌ನ ಹಣ) ಇದ್ದ ಕನಿಷ್ಠ ವೇತನ 2010ರಲ್ಲಿ 510ಕ್ಕೆ ಏರಿತು. ಬೆಲೆ ಏರಿಕೆಯನ್ನು ಕಳೆದರೂ ಅದು ದೊಡ್ಡ ಜಿಗಿತವೇ. ಆದರೂ ಅದೇ ವರ್ಷಗಳಲ್ಲಿ ನಿರುದ್ಯೋಗ ಇಳಿಯಿತು. ಅದಿರು, ಸೋಯಾಗಳಿಗೆ ಚೀನಾದ ಬೇಡಿಕೆ ಕುದುರಿದ್ದ ಕಾಲವದು; ಹಾಗಾಗಿ ಪೂರ್ತಿ ಶ್ರೇಯವನ್ನು ವೇತನ ನೀತಿಗೇ ಕೊಡಲು ನಾನು ಒಪ್ಪುವುದಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕಾನೂನಿನ ಕಣ್ಣಿಗೆ ಬೀಳದ ಕೆಲಸಗಾರರ ವಿಚಾರ. ನೋಂದಣಿಯಿಲ್ಲದೆ ದುಡಿಯುವವರ ಕೂಲಿಯೂ ಅಲ್ಲಿ ಕನಿಷ್ಠ ವೇತನದ ಬೆನ್ನು ಹಿಡಿದು ಏರುತ್ತದೆ, ಏಕೆಂದರೆ ಚೌಕಾಸಿಗೆ ಎಲ್ಲರಿಗೂ ಅದೇ ಅಳತೆಗೋಲು. ಅರ್ಥಶಾಸ್ತ್ರಜ್ಞರು ಇದನ್ನು ‘ದೀಪಸ್ತಂಭ ಪರಿಣಾಮ’ ಎನ್ನುತ್ತಾರೆ. ಪೆಟ್ಟು ಬೀಳುವುದು ಸರ್ಕಾರದ ಬೊಕ್ಕಸಕ್ಕೆ: 1988ರ ಸಂವಿಧಾನದ ಪ್ರಕಾರ ನಿವೃತ್ತಿ ಪಿಂಚಣಿ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ.