ಒಂದೇ ಸರ್ವರ್‌ನಲ್ಲಿ ಮೇಲ್‌ಮ್ಯಾನ್ ಮತ್ತು ಬಳಕೆದಾರರ ಅಂಚೆ: ಎರಡನ್ನೂ ನಡೆಸಬಹುದೇ?

ಖಂಡಿತ ನಡೆಸಬಹುದು. ಪೋಸ್ಟ್‌ಫಿಕ್ಸ್ (ಇಮೇಲ್ ಸಾಗಿಸುವ ಸರ್ವರ್ ತಂತ್ರಾಂಶ) ಮತ್ತು ಮೇಲ್‌ಮ್ಯಾನ್ 3 (ಒಂದು ವಿಳಾಸಕ್ಕೆ ಬಂದ ಇಮೇಲನ್ನು ಸದಸ್ಯರಿಗೆಲ್ಲ ಹಂಚುವ ಮೇಲಿಂಗ್ ಪಟ್ಟಿಗಳ ತಂತ್ರಾಂಶ) ಬಳಸುತ್ತಿದ್ದೀರಿ ಎಂದುಕೊಂಡು ಹೇಳುತ್ತೇನೆ.

ಪಟ್ಟಿಗಳಿಗೆ ಪ್ರತ್ಯೇಕ ಉಪಡೊಮೇನ್ ಕೊಡಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ. ಒಂದೇ ಡೊಮೇನ್ ಇಟ್ಟುಕೊಂಡರೆ ಹೆಸರುಗಳು ಡಿಕ್ಕಿ ಹೊಡೆಯುತ್ತವೆ. ‘ಮಾರಾಟ’ ಎಂಬ ಖಾತೆಯೂ ಅದೇ ಹೆಸರಿನ ಪಟ್ಟಿಯೂ ಇದ್ದರೆ, ಯಾವ ವಿಳಾಸದ ಪತ್ರ ಯಾವ ದಾರಿಯಲ್ಲಿ ಹೋಗಬೇಕೆಂದು ಪೋಸ್ಟ್‌ಫಿಕ್ಸ್‌ಗೆ ಹೇಳುವ ಟ್ರಾನ್ಸ್‌ಪೋರ್ಟ್ ಕೋಷ್ಟಕದ ಮಾತೇ ನಡೆಯುತ್ತದೆ: ಪತ್ರ ಅಂಚೆಪೆಟ್ಟಿಗೆಗೆ ಹೋಗದೆ ಪಟ್ಟಿಗೆ ಹೋಗಿ ಎಲ್ಲ ಸದಸ್ಯರಿಗೂ ಹಂಚಿಹೋಗಬಹುದು. ಗುಟ್ಟಿನ ಪತ್ರವಾಗಿದ್ದರೆ ಕಥೆ ಮುಗಿಯಿತು.

ಮೇಲ್‌ಮ್ಯಾನ್ ತಾನೇ ಬರೆದಿಡುವ ಕೋಷ್ಟಕವನ್ನು ಪೋಸ್ಟ್‌ಫಿಕ್ಸ್‌ನ ಟ್ರಾನ್ಸ್‌ಪೋರ್ಟ್ ವ್ಯವಸ್ಥೆಗೆ ಸೇರಿಸಿ. ಆಗ ಪಟ್ಟಿಯ ಪತ್ರಗಳು ಎಲ್‌ಎಂಟಿಪಿ (ಸರ್ವರ್‌ನೊಳಗೆ ಪತ್ರ ಒಪ್ಪಿಸುವ ವಿಧಾನ) ಮೂಲಕ ಮೇಲ್‌ಮ್ಯಾನ್‌ನ ಸಾಮಾನ್ಯವಾಗಿ 8024ನೇ ಪೋರ್ಟ್‌ಗೆ, ತಲುಪುತ್ತವೆ. ಉಳಿದವು ಎಂದಿನ ದಾರಿ ಹಿಡಿಯುತ್ತವೆ. ಡೊಮೇನ್ ಒಂದೇ ಆಗಿದ್ದು ಅದು ಸ್ಥಳೀಯ ಡೊಮೇನ್ (ಆ ಸರ್ವರ್‌ನಲ್ಲೇ ಇರುವ ಖಾತೆಗಳಿಗೆ ಪತ್ರ ತಲುಪುವ ಡೊಮೇನ್) ಆಗಿದ್ದರೆ, ಪೋಸ್ಟ್‌ಫಿಕ್ಸ್‌ನ ಸ್ಥಳೀಯ ಸ್ವೀಕರ್ತರ ಯಾದಿಗೂ ಅದೇ ಕೋಷ್ಟಕವನ್ನು ಸೇರಿಸಬೇಕು. ಮರೆತರೆ ‘ಅಂಥ ಬಳಕೆದಾರರಿಲ್ಲ’ ಎಂದು 550 ಸಂಕೇತದೊಡನೆ ಪತ್ರ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ.

ನಿಜವಾದ ಅಪಾಯ ಇರುವುದು ಐಪಿ ವಿಳಾಸದ ಮರ್ಯಾದೆಯಲ್ಲಿ. ಪಟ್ಟಿಯ ಪತ್ರಗಳನ್ನು ಜನ ಸ್ಪ್ಯಾಮ್ ಎಂದು ಗುರುತಿಸಿದರೆ, ಅದೇ ಐಪಿಯಿಂದ ಹೊರಡುವ ಕಚೇರಿಯ ಪತ್ರಗಳೂ ಅನುಮಾನಕ್ಕೆ ಒಳಗಾಗುತ್ತವೆ. ಸಾಧ್ಯವಾದರೆ ಪಟ್ಟಿಗೆ ಎರಡನೇ ಐಪಿ ಇಡಿ. ಪಟ್ಟಿಯು ವಿಷಯದ ಸಾಲಿಗೆ ತನ್ನ ಹೆಸರು ಸೇರಿಸಿದರೆ ಮೂಲ ಡಿಕೆಐಎಂ ಸಹಿ (ಪತ್ರ ಆ ಡೊಮೇನಿನಿಂದಲೇ ಬಂದದ್ದು, ದಾರಿಯಲ್ಲಿ ಬದಲಾಗಿಲ್ಲ ಎಂಬುದಕ್ಕೆ ಡಿಜಿಟಲ್ ಗುರುತು) ಸಾಮಾನ್ಯವಾಗಿ ಕೆಡುತ್ತದೆ. ಆದ್ದರಿಂದ ಮೇಲ್‌ಮ್ಯಾನ್‌ನ ಡಿಮಾರ್ಕ್ ಪರಿಹಾರದಲ್ಲಿ (ಡಿಮಾರ್ಕ್ ಎಂದರೆ ಇಂಥ ತಪಾಸಣೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಕಳುಹಿಸುವವರ ಡೊಮೇನ್ ಹೇಳುವ ನೀತಿ), ಕಳುಹಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸ ಬರುವಂತೆ ಆಯ್ಕೆ ಮಾಡಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಪತ್ರ ತಲುಪುತ್ತದೆ.