ಸಂಜಿಗೆ ನಾಯಿ ಬಿಟ್ರ ಓಣಿ ಮಂದಿ ಜಗಳಕ್ಕ ಬರ್ತಾರ

ಪ್ರಶ್ನೆ: ನಮ್ದು ರಾಯಚೂರು ರೀ. ಮನ್ಯಾಗ ಲ್ಯಾಬ್ರಡಾರ್ ಐತಿ, ಹಗಲೆಲ್ಲಾ ಮಾಳಿಗಿ ಮ್ಯಾಲೆ ಕಟ್ಟಿ ಸಂಜಿಗೆ ಓಣ್ಯಾಗ ಬಿಡ್ತೀವಿ. ನಿನ್ನೆ ಬಾಜೂ ಮನಿ ಹುಡುಗಗ ಉಗುರು ತಾಗಿ ರಕ್ತ ಬಂತು ಅಂತ ಜಗಳ ಆತು. ನಾಯಿಗೆ ಇಂಜೆಕ್ಷನ್ ಆಗೈತಲ್ರಿ, ಮತ್ಯಾಕ ಅಂಜಬೇಕು?

ಉತ್ತರ: ಜಗಳ ಆಮ್ಯಾಲೆ, ಮೊದ್ಲು ಹುಡುಗನ್ನ ನೋಡ್ರಿ. ಗಾಯಕ್ಕ ಸಾಬೂನು ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳೀಬೇಕು, ಅರಿಶಿಣ ಸುಣ್ಣ ಖಾರಪುಡಿ ಏನೂ ಮೆತ್ತಬ್ಯಾಡ್ರಿ, ರಕ್ತ ಬಂದೈತಿ ಅಂದ್ಮ್ಯಾಲೆ ಇವತ್ತೇ ದವಾಖಾನಿಗೆ ನೀವೇ ಕರ್ಕೊಂಡು ಹೋಗ್ರಿ, ಖರ್ಚೂ ನಿಮ್ದೇ. ರೇಬೀಸ್ ಲಸಿಕಿ ಮರಿಗೆ 3 ತಿಂಗಳಿಗೆ ಹಾಕಿಸಿ ಬಿಟ್ರ ಮುಗೀಲಿಲ್ಲ, ಬೂಸ್ಟರ್ ಬೇಕು, ಕಾರ್ಡ್ ತಗದು ತಾರೀಖು ನೋಡ್ರಿ. ಲಸಿಕಿ ಆಗಿದ್ರೂ ನಾಯಿ ಮ್ಯಾಲೆ 10 ದಿನ ಕಣ್ಣಿರ್ಲಿ.

ಇನ್ನ ಆ ಮಾಳಿಗಿ! ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ದಾಟ್ತೈತಿ, ನಾಯಿಗೆ ನಮ್ಮಂಗ ಮೈಯೆಲ್ಲಾ ಬೆವರಂಗಿಲ್ಲ, ನಾಲಿಗಿ ಚಾಚಿ ತೇಕಿಕೋತ ತಂಪಾಗ್ಬೇಕು, ಅಂಥದ್ದನ್ನ ಕಾದ ಸಿಮೆಂಟ್ ಮ್ಯಾಲೆ ಕಟ್ತೀರಲ್ಲ, ನೀವು ಬರಿಗಾಲಾಗ ನಿಂತು ನೋಡ್ರಿ. ಹಗಲೆಲ್ಲಾ ಕಟ್ಟಿದ ನಾಯಿ ಬಿಟ್ಟಕೂಡ್ಲೆ ಹುಡುಗ್ರ ಮ್ಯಾಲೆ ಜಿಗೀತೈತಿ, ಅದರದ್ದೇನು ತಪ್ಪು? ನೆರಳಾಗ ಇಡ್ರಿ, ಮುಂಜಾನೆ ಬಿಸಿಲೇರೋಕಿಂತ ಮೊದ್ಲು ಬೆಲ್ಟ್ ಹಿಡ್ಕೊಂಡು ತಿರುಗಾಡಿಸ್ರಿ, ಕೈಯಾಗ ಹಳೆ ಪೇಪರ್ ಇರ್ಲಿ, ಮಂದಿ ಬಾಗಿಲ ಮುಂದ ಮಾಡಿದ್ದನ್ನ ನೀವೇ ಎತ್ಬೇಕು.